ಬೆಟ್ಟದ ನೆತ್ತಿಯಲ್ಲಿ ನಾಲ್ಕು ನಿಮಿಷ

ಜೂನ್ 3

ಅಕ್ಕಾ,

ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ. ಕೂದಲು ಕತ್ತರಿಸಿಕೊಂಡಿದ್ದೇನೆ. ಕೆಮ್ಮು ಹೋಗಿದೆ. ನೀನು ಕೇಳುವ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಯಿತು, ಇನ್ನು ನನ್ನ ಮಾತು ಕೇಳು.

ನಮ್ಮ ಪ್ರಯೋಗಾಲಯಕ್ಕೆ ಒಂದು ಕೆಲಸ ಬಂದಿದೆ. ಯಾವ ದಾರಿಯದು ಗೊತ್ತೇ? ನಿನ್ನದೇ! ನೀನು ದಿನಾ ಒಂಬತ್ತನೇ ನಂಬರ್ ಬಸ್ಸು ಹತ್ತಿಸಿಕೊಂಡು ಹೋಗುವ ಬೆಟ್ಟದ ದಾರಿ. ಅಲ್ಲಿ ಹನ್ನೆರಡು ಕಿಲೋಮೀಟರ್ ಫೋನ್ ಸಿಗುವುದಿಲ್ಲವಲ್ಲ, ಅದಕ್ಕೆ ನಿಮ್ಮ ಸಾರಿಗೆ ಕಚೇರಿಯವರು ಬಸ್ಸುಗಳಿಗೆ ಒಂದೊಂದು ಪುಟ್ಟ ರೇಡಿಯೋ ಪೆಟ್ಟಿಗೆ ಕೂರಿಸುತ್ತಾರೆ. ಎರಡು ಬಸ್ಸು ಹತ್ತಿರ ಬಂದಾಗ ಪೆಟ್ಟಿಗೆಗಳು ತಮ್ಮಷ್ಟಕ್ಕೇ ಮಾತಾಡಿಕೊಳ್ಳುತ್ತವೆ. ಎಲ್ಲಿ ಬ್ರೇಕ್ ಹಾಕಬೇಕಾಯಿತು, ಎಲ್ಲಿ ಬಸ್ಸು ನಿಂತಿತು ಎಂಬ ಸುದ್ದಿ ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟುತ್ತಾ ಹೋಗುತ್ತದೆ.

ನನ್ನ ಕೆಲಸ ಅದರ ಲೆಕ್ಕ. ಬಸ್ಸಿಗೊಂದು ಚುಕ್ಕಿ. ಎರಡು ಬಸ್ಸು ಭೇಟಿಯಾದರೆ ನಡುವೆ ಒಂದು ಗೆರೆ. ಗೆರೆಗಳು ಹುಟ್ಟುತ್ತವೆ, ಅಳಿಯುತ್ತವೆ. ಬೆಟ್ಟದ ಮೇಲಿನ ಸುದ್ದಿ ಕೆಳಗೆ ತಲುಪಲು ಯಾವ ಗೆರೆ ಇರಲೇಬೇಕು, ಯಾವುದು ಹೋದರೆ ಜಾಲ ಎರಡು ಹೋಳಾಗುತ್ತದೆ ಎಂದು ನೋಡಬೇಕು. ಬಸ್ಸುಗಳು ಎಲ್ಲೆಲ್ಲಿದ್ದವು ಎಂಬ ತೊಂಬತ್ತು ದಿನದ ದಾಖಲೆ ಕೊಟ್ಟಿದ್ದಾರೆ. ದಾರಿಯ ಬಗ್ಗೆ ನಿನಗೆ ಗೊತ್ತಿರುವುದನ್ನೆಲ್ಲ ಬರೆ.

ನಿನ್ನ ತಮ್ಮ

ಜೂನ್ 10, ಗುರುವಾರ

ಪ್ರೊಫೆಸರ್ ಸಾಹೇಬರಿಗೆ,

ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಮೇಲೆ ನಾನು ಒಂದು ಚುಕ್ಕಿಯಾದೆ. ಸಂತೋಷ. ಫೋನು ಮಾಡದೆ ಕಾಗದ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಾ ಇನ್ನೇನೋ ಬರೆದುಕೊಳ್ಳುತ್ತಿರುತ್ತೀಯ, ಕಾಗದವನ್ನಾದರೆ ಓದಲೇಬೇಕು. ನನಗೂ ವಾರದ ರಜೆಯ ಮಧ್ಯಾಹ್ನ ಮಾಡಲು ಒಂದು ಕೆಲಸವಾಗುತ್ತದೆ.

ದಾರಿಯ ವಿಷಯ. ಒಟ್ಟು ಹದಿನಾಲ್ಕು ತಿರುವು, ಐದು ನೆತ್ತಿಯವರೆಗೆ, ಉಳಿದವು ನೆತ್ತಿ ದಾಟಿದ ಮೇಲೆ. ಆರನೆಯದರಿಂದ ಒಂಬತ್ತನೆಯದರವರೆಗೆ ಗೋಡೆಯ ಕಡೆಯಿಂದ ನೀರು ಜಿನುಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ, ಕೆಂಪಗಿದ್ದರೆ ಒಳಗೆ ಮಣ್ಣು ಸಡಿಲವಾಗಿದೆ ಎಂದರ್ಥ. ಇದು ನಾನು ಕಂಡುಹಿಡಿದದ್ದಲ್ಲ, ಹದಿನೇಳರವರು ಹೇಳಿದ್ದು. ನಾವು ಚಾಲಕರು ಒಬ್ಬರನ್ನೊಬ್ಬರು ಬಸ್ಸಿನ ನಂಬರಿನಿಂದಲೇ ಕರೆಯುವುದು. ಹದಿನೇಳರವರು ಮೇಲಿನ ಡಿಪೋದವರು, ನಾನು ಹತ್ತುವಾಗ ಅವರು ಇಳಿಯುತ್ತಿರುತ್ತಾರೆ, ಮರಳುವಾಗ ಅವರದು ಬೇರೆ ದಾರಿ. ಬಹಳ ಅನುಭವಸ್ಥರು. ಬ್ರೇಕ್ ಮೇಲೆ ಕಾಲಿಡದೆ ಗೇರಿನಲ್ಲೇ ಇಡೀ ಬೆಟ್ಟ ಇಳಿಸುತ್ತಾರೆ. ಹದಿಮೂರನೇ ತಿರುವಿನ ಹತ್ತಿರ ಒಂದು ಕಾಡುಕೋಳಿ ಸಂಸಾರವಿದೆ, ಮರಿಗಳು ಐದು ಎಂದು ಎಣಿಸಿದವರೂ ಅವರೇ. ಇದು ನಿನ್ನ ಲೆಕ್ಕಕ್ಕೆ ಬೇಕಿಲ್ಲ, ಬಿಡು.

ಕೆಮ್ಮು ಹೋಗಿದೆ ಎಂದು ಬರೆದಿದ್ದೀಯ, ಕಷಾಯ ಕುಡಿದೆಯೋ ಅಥವಾ ಅದಕ್ಕೇ ಬೇಜಾರಾಗಿ ಹೋಯಿತೋ ಬರೆದಿಲ್ಲ.

ಅಕ್ಕ

ಜೂನ್ 21

ಅಕ್ಕಾ,

ಕಷಾಯ ಕುಡಿಯಲಿಲ್ಲ.

ನಿನ್ನ ಕಾಗದದಲ್ಲಿ ತಿರುವುಗಳ ಭಾಗ ಉಪಯೋಗಕ್ಕೆ ಬಂತು. ಈಗ ಒಂದು ತೊಡಕಾಗಿದೆ. ಬೆಟ್ಟದ ನೆತ್ತಿಯಲ್ಲಿ, ದೊಡ್ಡ ಬಂಡೆಯ ಪಕ್ಕ, ಬೆಳಿಗ್ಗೆ ಹತ್ತು ನಲವತ್ತರ ಸುಮಾರಿಗೆ ನಿನ್ನ ಬಸ್ಸೂ ಹದಿನೇಳನೆಯದೂ ಅಲುಗಾಡದೆ ನಾಲ್ಕು ನಿಮಿಷ ಅಕ್ಕಪಕ್ಕ ನಿಂತಂತೆ ದಾಖಲೆಯಲ್ಲಿದೆ. ಒಂದು ದಿನವಲ್ಲ, ತೊಂಬತ್ತರಲ್ಲಿ ಅರವತ್ತೊಂದು ದಿನ. ಅಲ್ಲಿ ನಿಲುಗಡೆಯೇ ಇಲ್ಲ. ನಿಲುಗಡೆ ಇಲ್ಲದ ಕಡೆ ನಿಲ್ಲಿಸಬಾರದೆಂಬ ನಿಯಮವೂ ಇದೆಯಂತೆ. ಬಂಡೆಯ ಮರೆಯಿಂದ ಯಂತ್ರಕ್ಕೆ ಗೊಂದಲವಾಗಿರಬಹುದು ಎಂದು ನನ್ನ ಅನುಮಾನ. ಯಂತ್ರದ ತಪ್ಪಾದರೆ ಅಳಿಸಿಬಿಡುತ್ತೇನೆ, ನಿಜವಾದರೆ ಇಡಬೇಕು. ನೀನು ಹೇಳಿದಂತೆ.

ತಮ್ಮ

ಜುಲೈ 1, ಗುರುವಾರ

ತಮ್ಮಾ,

ನಿಲ್ಲುವುದೇ? ಅಲ್ಲಿಯೇ? ಏರು ಮುಗಿದಿರುತ್ತದೆ, ಎಂಜಿನ್ ಕಾದಿರುತ್ತದೆ, ನಿಧಾನವಾಗಿ ಹೋಗುತ್ತೇವೆ ಅಷ್ಟೇ. ನಿನ್ನ ಯಂತ್ರಕ್ಕೆ ಮಂಕು ಬಡಿದಿರಬೇಕು. ಅಳಿಸಿಬಿಡು.

ಕಳೆದ ತಿಂಗಳು ಆರನೇ ನಂಬರಿನವರು ದಾರಿಯಲ್ಲಿ ಎಳನೀರಿಗೋ ಯಾವುದಕ್ಕೋ ಎರಡು ನಿಮಿಷ ನಿಲ್ಲಿಸಿದ್ದಕ್ಕೆ ಮೆಮೊ ತಿಂದರು. ಇದನ್ನು ಯಾಕೆ ಬರೆಯುತ್ತಿದ್ದೇನೋ.

ನಿನಗೆ ಎಣಿಸುವುದೆಂದರೆ ಇಷ್ಟವಲ್ಲ, ಒಂದು ಲೆಕ್ಕ ಮಾಡಿಕೊಡು. ಇವತ್ತಿನಿಂದ ನವೆಂಬರ್ ಕೊನೆಯವರೆಗೆ ಇಬ್ಬರು ಕೆಲಸಕ್ಕೆ ಹೋಗುತ್ತಾರೆ. ಒಬ್ಬರಿಗೆ ಗುರುವಾರ ರಜೆ, ಇನ್ನೊಬ್ಬರಿಗೆ ಭಾನುವಾರ. ಇಬ್ಬರೂ ಕೆಲಸದಲ್ಲಿರುವ ದಿನಗಳು ಎಷ್ಟು? ಕ್ಯಾಲೆಂಡರಿನಲ್ಲಿ ನಾನು ಎರಡು ಸಲ ಎಣಿಸಿದೆ, ಎರಡು ಸಲವೂ ಬೇರೆ ಬೇರೆ ಬಂತು. ಹದಿನೇಳರವರಿಗೆ ನವೆಂಬರ್ ಕೊನೆಗೆ ನಿವೃತ್ತಿ, ಅದಕ್ಕೆ ಕೇಳಿದೆ. ಸುಮ್ಮನೆ ಕೇಳಿದೆ.

ಅಕ್ಕ

ಜುಲೈ 14

ಅಕ್ಕಾ,

ನೂರ ಒಂಬತ್ತು. ನಿನಗೆ ಇದು ಯಾಕೆ ಬೇಕಿತ್ತೋ ತಿಳಿಯಲಿಲ್ಲ. ಡಿಪೋದಲ್ಲಿ ಬೀಳ್ಕೊಡುಗೆಗೆ ಏನಾದರೂ ತಯಾರಿಯೇ?

ಒಂದು ಸಿಹಿ ಸುದ್ದಿ. ಆ ನಾಲ್ಕು ನಿಮಿಷಗಳನ್ನು ಅಳಿಸಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಬಂಡೆಯ ಮರೆಯಲ್ಲಿ ಎರಡು ಬಸ್ಸು ಒಂದಕ್ಕೊಂದು ಕಾಣುವುದು ಆರೇ ಸೆಕೆಂಡು. ಪೆಟ್ಟಿಗೆಗಳು ಗುರುತು ಹಿಡಿದು ಸುದ್ದಿ ದಾಟಿಸಲು ಕಡೇಪಕ್ಷ ಹನ್ನೆರಡು ಬೇಕು. ಹಾಗಾಗಿ ಅಲ್ಲಿ ಗೆರೆಯೇ ಹುಟ್ಟುವುದಿಲ್ಲ, ಮೇಲಿನ ಜಾಲ ಮೇಲೆ, ಕೆಳಗಿನದು ಕೆಳಗೆ. ನನಗೆ ಹೊಳೆದ ಪರಿಹಾರ ಬಹಳ ಸುಲಭದ್ದು. ಹದಿನೇಳನೇ ಬಸ್ಸು ಇಪ್ಪತ್ತೈದು ನಿಮಿಷ ಮುಂಚೆ ಹೊರಟರೆ ಸಾಕು! ಆಗ ನೀವು ಭೇಟಿಯಾಗುವುದು ಬೆಟ್ಟದ ಬುಡದ ಉದ್ದ ಸೇತುವೆಯ ಮೇಲೆ. ನೇರ ರಸ್ತೆ, ಮರೆಯಿಲ್ಲ, ಇಪ್ಪತ್ತು ಸೆಕೆಂಡು ಧಾರಾಳವಾಗಿ ಸಿಗುತ್ತದೆ.

ಕಚೇರಿಯವರು ಒಪ್ಪಿದ್ದಾರೆ. ಆಗಸ್ಟ್ ಎರಡರಿಂದ ಹೊಸ ವೇಳೆ. 'ದಾರಿಯ ಚಾಲಕರನ್ನು ಕೇಳಿ ಖಚಿತಪಡಿಸಿಕೊಳ್ಳಲಾಗಿದೆ' ಎಂದು ವರದಿಯಲ್ಲಿ ಹಾಕಿದ್ದೇನೆ. ಆ ಚಾಲಕರು ನೀನೇ. ಹೆಮ್ಮೆಪಡು.

ತಮ್ಮ

ಜುಲೈ 22, ಗುರುವಾರ

ತಮ್ಮಾ,

ಹೊಸ ವೇಳಾಪಟ್ಟಿಯನ್ನು ಡಿಪೋದ ಬೋರ್ಡಿಗೆ ಅಂಟಿಸಿದ್ದಾರೆ. ಅಚ್ಚು ಚೆನ್ನಾಗಿದೆ.

ಮಳೆ ಶುರುವಾಗಿದೆ. ನೀನು ಆರೋಗ್ಯ ನೋಡಿಕೋ.

ಅಕ್ಕ

ಆಗಸ್ಟ್ 16

ಅಕ್ಕಾ,

ಎರಡು ವಾರದ ಫಲಿತಾಂಶ ಬಂದಿದೆ. ಸೇತುವೆಯ ಮೇಲೆ ನಿಮ್ಮ ಪೆಟ್ಟಿಗೆಗಳು ಒಂದು ದಿನವೂ ತಪ್ಪದೆ ಸುದ್ದಿ ದಾಟಿಸಿವೆ. ಮೇಲಿನ ಬಸ್ಸೊಂದರ ಸುದ್ದಿ ನಲವತ್ತು ನಿಮಿಷದೊಳಗೆ ಕೆಳಗಿನ ಡಿಪೋ ತಲುಪಿದೆ. ನಮ್ಮ ಮುಖ್ಯಸ್ಥೆ ಕೂಡ ಮೊದಲ ಸಲ ನನ್ನ ಮೇಜಿನ ಹತ್ತಿರ ಬಂದು ನಿಂತು ನೋಡಿದರು. ಚಳಿಗಾಲದ ಸಮ್ಮೇಳನದಲ್ಲಿ ಇದನ್ನು ಓದಲು ನನ್ನನ್ನೇ ಕಳಿಸುತ್ತಾರಂತೆ.

ಹೋದ ಸಲ ನೀನು ಬರೆದದ್ದು ನಾಲ್ಕೇ ಸಾಲು. ಅದರಲ್ಲಿ ಒಂದು ಅಚ್ಚಿನ ಬಗ್ಗೆ! ಕೆಲಸ ಜಾಸ್ತಿಯೇ? ಮೊಣಕಾಲು ನೋವು ಮತ್ತೆ ಬಂತೇ? ಈ ತಿಂಗಳು ನಿನ್ನ ಕಾಗದವೇ ಇಲ್ಲ. ಮುಖ ಊದಿಸಿಕೊಂಡಿದ್ದರೆ ಯಾಕೆಂದಾದರೂ ಬರೆ. ನಾನು ಕೆಮ್ಮಿಗೆ ಕಷಾಯ ಕುಡಿಯದ್ದಕ್ಕಂತೂ ಇಷ್ಟು ದಿನ ಕೋಪ ಇರಲಾರದು.

ತಮ್ಮ

ಸೆಪ್ಟೆಂಬರ್ 9, ಗುರುವಾರ

ತಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಹೆದರಬೇಡ.

ಹೋದ ಶುಕ್ರವಾರ ಸೇತುವೆಯ ಮೇಲೆ ಹದಿನೇಳರವರು ಎದುರು ಬಂದರು. ದೀಪ ಎರಡು ಸಲ ಮಿನುಗಿಸಿದರು, ಕೈ ಹೊರಗೆ ಹಾಕಿ ಜೋರಾಗಿ ಆಡಿಸಿದರು. ತಿಂಗಳಿಂದ ಹಾಗೆ ಕೈ ಬೀಸಿದವರಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೂ ಹಲ್ಲು ಕಿರಿದು, ಎರಡು ಸಲ ದೀಪ ಮಿನುಗಿಸಿ, ಕೈ ಬೀಸಿ ಹೋದೆ. ಅರ್ಧ ಗಂಟೆ ಬಿಟ್ಟು ಒಂಬತ್ತನೇ ತಿರುವು ಹೊರಳಿದರೆ ರಸ್ತೆಯೇ ಇಲ್ಲ, ಕೆಂಪು ಮಣ್ಣಿನ ಗುಡ್ಡೆ. ಬಸ್ಸಿನಲ್ಲಿ ನಲವತ್ತೊಂದು ಜನ. ಕಂಡಕ್ಟರಮ್ಮ ಸೀಟಿ ಊದುತ್ತಾ ಹಿಂದೆ ನಡೆದರು, ನಾನು ಬಸ್ಸನ್ನು ಎರಡು ತಿರುವು ಹಿಂದಕ್ಕೇ ಓಡಿಸಿದೆ.

ಅವರು ಅಲ್ಲಿ ಹಾದು ಬರುವಾಗ ನೀರು ಕೆಂಪಗೆ ಜಿನುಗುತ್ತಿತ್ತಂತೆ. ಅದನ್ನೇ ಹೇಳುತ್ತಿದ್ದರು, ಪಾಪ. ನಿನ್ನ ಪೆಟ್ಟಿಗೆಗೆ ಏನು ಗೊತ್ತು? ಅವರು ಬ್ರೇಕ್ ಹಾಕಲಿಲ್ಲ, ನಿಲ್ಲಲಿಲ್ಲ, ಅದರ ಪಾಲಿಗೆ ಒಂಬತ್ತನೇ ತಿರುವು ಸುಖವಾಗಿಯೇ ಇತ್ತು.

ಈಗ ನಿಜ ಹೇಳುತ್ತೇನೆ. ನಾನು ನಿನಗೆ ಸುಳ್ಳು ಹೇಳಿದೆ. ನಾವು ನಿಲ್ಲಿಸುತ್ತಿದ್ದೆವು. ನಾಲ್ಕು ವರ್ಷದಿಂದ, ದಿನಾ ನಾಲ್ಕು ನಿಮಿಷ, ಕಿಟಕಿಗೆ ಕಿಟಕಿ. ಪ್ರಯಾಣಿಕರು ಎಂಜಿನ್ ಆರಲಿ ಎಂದು ನಿಲ್ಲಿಸಿದ್ದಾರೆ ಅಂದುಕೊಳ್ಳುತ್ತಿದ್ದರು, ಎಂಜಿನ್ನೂ ಆರುತ್ತಿತ್ತು. ಮೊದಲು ರಸ್ತೆಯ ಸುದ್ದಿ, ಆಮೇಲೆ ಕಾಡುಕೋಳಿ, ಆಮೇಲೆ ಏನೂ ಇಲ್ಲ, ಸುಮ್ಮನೆ. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ನಿನ್ನನ್ನು ಓದಿಸಿದೆ, ಅಪ್ಪನನ್ನು ನೋಡಿಕೊಂಡೆ, ಆ ಹೊತ್ತಿನಲ್ಲಿ ನನಗೇನು ಬೇಕು ಎಂದು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ. ನಲವತ್ತೊಂಬತ್ತರಲ್ಲಿ ಗೊತ್ತಾಯಿತು, ನನಗೆ ಆ ನಾಲ್ಕು ನಿಮಿಷ ಬೇಕು. ಫೋನ್ ನಂಬರ್ ಇಲ್ಲವೇ ಎಂದು ಕೇಳಬೇಡ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ನೂರ ಒಂಬತ್ತು ಎಂದು ನೀನು ಎಣಿಸಿ ಕೊಟ್ಟೆ, ಅದೇ ಕಾಗದದಲ್ಲಿ ಕಿತ್ತುಕೊಂಡೆ. ನಿನ್ನ ತಪ್ಪಲ್ಲ. ಮೆಮೊಗೆ ಹೆದರಿ ನಾನೇ ಅಳಿಸು ಅಂದೆ. ವರದಿ ತಿದ್ದು ಎಂದು ಹೇಳುತ್ತಿಲ್ಲ, ಹೇಳಿದರೆ ನಮ್ಮಿಬ್ಬರಿಗೂ ಮೆಮೊ, ನಿನಗೂ ಕೆಟ್ಟ ಹೆಸರು. ಯಾರಿಗಾದರೂ ಹೇಳಬೇಕಿತ್ತು, ನಿನಗೆ ಹೇಳಿದೆ.

ಅಕ್ಕ

ಸೆಪ್ಟೆಂಬರ್ 14

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ.

ನಿನ್ನ ಸುಳ್ಳೊಂದೇ ಅಲ್ಲ, ನನ್ನದೂ ಇದೆ. ಕೆಲಸ ಶುರುವಾದಾಗಲೇ ಮುಖ್ಯಸ್ಥೆ "ಮೊದಲು ಹೋಗಿ ಆ ಬಸ್ಸಿನಲ್ಲಿ ಒಂದು ವಾರ ಓಡಾಡಿ ಬಾ" ಅಂದಿದ್ದರು. ತಿರುವುಗಳಲ್ಲಿ ನನಗೆ ವಾಂತಿಯಾಗುತ್ತದೆ, ನಿನಗೆ ಗೊತ್ತು. ಅಕ್ಕನೇ ಇದ್ದಾಳಲ್ಲ ಎಂದು ಹೋಗಲಿಲ್ಲ. ಬಂದಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಇಲ್ಲಿ ಕೂತೇ ಕಾಣಬಹುದಿತ್ತು ಕೂಡ. ನಿನ್ನೆ ಹಳೆಯ ದಾಖಲೆಯ ಪಕ್ಕ ನಿಮ್ಮ ಡ್ಯೂಟಿ ಪಟ್ಟಿ ಇಟ್ಟು ನೋಡಿದೆ. ನಿನಗೆ ರಜೆಯಿದ್ದ ಒಂದು ಗುರುವಾರವೂ ಒಂಬತ್ತನೇ ಬಸ್ಸು ಅಲ್ಲಿ ನಿಂತಿಲ್ಲ. ಅವರ ಒಂದು ಭಾನುವಾರವೂ ಹದಿನೇಳು ನಿಂತಿಲ್ಲ. ಬಸ್ಸು ಅದೇ, ಬಂಡೆ ಅದೇ. ಯಂತ್ರದ ತಪ್ಪಾಗಿದ್ದರೆ ಯಾರು ಓಡಿಸಿದರೂ ಆಗಬೇಕಿತ್ತು. ಯಂತ್ರಕ್ಕೆ ವಾರದ ರಜೆ ಎಲ್ಲಿಂದ ಬರಬೇಕು? ನಾನು ಬಸ್ಸುಗಳನ್ನು ಎಣಿಸಿದೆ, ಓಡಿಸುವವರನ್ನು ಎಣಿಸಲಿಲ್ಲ. ಆ ನಾಲ್ಕು ನಿಮಿಷಗಳನ್ನು ವಾಪಸ್ ಸೇರಿಸಿ ಲೆಕ್ಕ ಮಾಡಿದರೆ ಇಡೀ ಬೆಟ್ಟದಲ್ಲಿ ಅದಕ್ಕಿಂತ ಗಟ್ಟಿಯಾದ ಗೆರೆ ಇನ್ನೊಂದಿಲ್ಲ. ವೇಳೆ ಬದಲಿಸುವ ಅಗತ್ಯವೇ ಇರಲಿಲ್ಲ.

ಕಚೇರಿಗೆ ಬರೆಯಲೇ? ಬರೆದರೆ ನಿಲ್ಲಿಸಿದ್ದು ನಿಜವೆಂದೇ ಬರೆಯಬೇಕು, ಬೇರೆ ದಾರಿಯಿಲ್ಲ. ನೀವಿಬ್ಬರೂ ಒಪ್ಪದೆ ಒಂದಕ್ಷರ ಬರೆಯುವುದಿಲ್ಲ.

ತಮ್ಮ

ಸೆಪ್ಟೆಂಬರ್ 23, ಗುರುವಾರ

ತಮ್ಮಾ,

ಸೇತುವೆಯ ಮೇಲೆ ಇದನ್ನೆಲ್ಲ ಹೇಗೆ ಕೇಳಲಿ? ಮೇಲಿನ ಡಿಪೋದಲ್ಲಿ ಡ್ಯೂಟಿ ಬರೆಯುವವರ ಕೈಯಲ್ಲಿ ಚೀಟಿ ಬಿಟ್ಟು ಬಂದೆ. ನೀನು ಬರೆದದ್ದನ್ನೆಲ್ಲ ಬರೆದೆ, ನಾನು ನಿನಗೆ ಬರೆದದ್ದರಲ್ಲಿ ಅರ್ಧವನ್ನೂ ಬರೆಯಲಿಲ್ಲ. ಮರುದಿನ ಅದೇ ಚೀಟಿಯ ಹಿಂಬದಿಯಲ್ಲಿ ಉತ್ತರ ಬಂತು, ಹಾಗೇ ಇಳಿಸುತ್ತೇನೆ.

"ಬರೀಲಿ. ನಿಲ್ಸಿದ್ದು ನಿಜ ತಾನೇ. ಮೂವತ್ನಾಲ್ಕು ವರ್ಷ ಒಂದೂ ಮೆಮೊ ಇಲ್ಲ, ಇದೊಂದು ಬಂದ್ರೆ ಫ್ರೇಮ್ ಹಾಕ್ಸಿ ಗೋಡೆಗೆ ತಗಲಾಕ್ತೀನಿ. ಆ ದಿನ ನಾನು ಕೈ ಆಡ್ಸಿದ್ದಕ್ಕೆ ನೀವು ನಕ್ಕೊಂಡು ಹೋದ್ರಲ್ಲ, ಸಂಜೆವರೆಗೂ ನನ್ನ ಜೀವ ಕೈಯಲ್ಲಿತ್ತು."

ನಾನೂ ಒಪ್ಪಿದ್ದೇನೆ. ಬರೆ.

ಅಕ್ಕ

ಅಕ್ಟೋಬರ್ 18

ಅಕ್ಕಾ,

ಆಯಿತು. ಕಚೇರಿಯವರ ಮುಂದೆ ನಿಂತು ಎಲ್ಲ ಹೇಳಿದೆ. ಒಬ್ಬರು ಕೇಳಿದರು, "ನಾಲ್ಕು ನಿಮಿಷ ಏನ್ ಮಾತಾಡ್ತಿದ್ರಂತೆ?" ನಾನು "ರಸ್ತೆ ವಿಷಯ ಸಾರ್" ಅಂದೆ. ಅದೂ ನಿಜವೇ. ಕೆಂಪು ನೀರಿನ ಕಥೆ ಕೇಳಿದ ಮೇಲೆ ಯಾರೂ ಮುಂದೆ ಕೇಳಲಿಲ್ಲ.

ಅಕ್ಟೋಬರ್ ಇಪ್ಪತ್ತೈದರಿಂದ ಹಳೆಯ ವೇಳೆಯೇ. ನೆತ್ತಿಯಲ್ಲಿ ಐದು ನಿಮಿಷದ ನಿಲುಗಡೆಯನ್ನು ವೇಳಾಪಟ್ಟಿಗೇ ಸೇರಿಸಿದ್ದಾರೆ, ಚಾಲಕರು ದಾರಿಯ ಸ್ಥಿತಿ ಹೇಳಿಕೊಳ್ಳಬೇಕೆಂದು ಅಚ್ಚಾಗಿದೆ. ಆದರೂ ಹಿಂದಿನದಕ್ಕೆ ಇಬ್ಬರಿಗೂ ಒಂದೊಂದು ಮೆಮೊ ಬರುತ್ತದೆ, ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಸಮ್ಮೇಳನಕ್ಕೆ ನನ್ನ ಬದಲು ಬೇರೆಯವರು ಹೋಗುತ್ತಾರೆ. ಮುಖ್ಯಸ್ಥೆ ಈಗ ನನ್ನನ್ನು ಬಸ್ಸು ಹತ್ತದೆ ಬಸ್ಸಿನ ಲೆಕ್ಕ ಮಾಡಿದವನು ಎಂದೇ ಬಂದವರಿಗೆ ಪರಿಚಯಿಸುತ್ತಾರೆ. ಇರಲಿ, ತಪ್ಪೇನೂ ಇಲ್ಲವಲ್ಲ.

ಉಳಿದಿರುವುದು ಇಪ್ಪತ್ತೇಳು ದಿನ. ಈ ಸಲ ನೀನು ಕೇಳಲಿಲ್ಲ, ನಾನೇ ಎಣಿಸಿದೆ. ಅಕ್ಕಾ, ಇಷ್ಟು ವರ್ಷ ನಿನಗೇನು ಬೇಕೆಂದು ನಾನೂ ಕೇಳಲಿಲ್ಲ.

ತಮ್ಮ

ಡಿಸೆಂಬರ್ 8, ಬುಧವಾರ

ತಮ್ಮಾ,

ಅಷ್ಟು ದಿನ ಕಾಗದ ಹಾಕಲಿಲ್ಲವೆಂದು ಕೋಪಿಸಿಕೊಳ್ಳಬೇಡ. ಇಪ್ಪತ್ತೇಳು ದಿನವನ್ನು ನಾನು ಯಾರಿಗೂ ಬರೆದು ಮುಗಿಸಲು ಸಿದ್ಧಳಿರಲಿಲ್ಲ.

ಅಪ್ಪಣೆ ಸಿಕ್ಕ ಐದು ನಿಮಿಷ ಎಂಥ ಪೇಚಿನದೆಂದು ನಿನಗೆ ಗೊತ್ತಿಲ್ಲ. ಎರಡೂ ಬಸ್ಸಿನ ಜನ ಕಿಟಕಿಯಲ್ಲಿ ತಲೆ ಹಾಕಿ ನಾವು ರಸ್ತೆಯ ಸ್ಥಿತಿ ಹೇಳಿಕೊಳ್ಳುವುದನ್ನು ಕೇಳುತ್ತಾರೆ. ಮೊದಲ ವಾರ ಇಬ್ಬರೂ ರೇಡಿಯೋ ವಾರ್ತೆಯವರ ಹಾಗೆ ಮಾತಾಡಿದೆವು. ಆಮೇಲೆ ಅಭ್ಯಾಸವಾಯಿತು.

ನವೆಂಬರ್ ಮೂವತ್ತು, ಕೊನೆಯ ದಿನ. ಏನಾದರೂ ಹೇಳುತ್ತಾರೆಂದು ಕಾದೆ. "ಏಳನೇ ತಿರುವಲ್ಲಿ ಜಲ್ಲಿ ಸುರಿದಿದ್ದಾರೆ, ಎಡಕ್ಕೆ ಹಿಡೀರಿ" ಅಂದರು. ಐದು ನಿಮಿಷ ಮುಗಿಯಿತು, ಗೇರು ಹಾಕಿದರು, ಹೋದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವತ್ತು ಹತ್ತಿದ ಇಳಿದ ಎಲ್ಲರ ಮೇಲೂ ರೇಗಿದೆ. ಆ ಇಡೀ ವಾರ ಮನೆಯಲ್ಲಿ ಪಾತ್ರೆಗಳು ನನ್ನ ಕೈಯಲ್ಲಿ ಪೆಟ್ಟು ತಿಂದವು.

ನಿನ್ನೆ ಮಂಗಳವಾರ ಕೆಳಗಿನ ನಿಲ್ದಾಣದಲ್ಲಿ ಬಸ್ಸು ತುಂಬುತ್ತಿತ್ತು. ಒಬ್ಬ ಗಿಡ್ಡ ಮನುಷ್ಯರು, ಕೈಯಲ್ಲಿ ಛತ್ರಿ, ಆಚೆ ಮುಖ ಮಾಡಿ ಮೆಟ್ಟಿಲಲ್ಲೇ ನಿಂತು ದಾರಿ ಕಟ್ಟಿದ್ದರು. "ಒಳಗೆ ಹೋಗ್ರೀ, ಹಿಂದೆ ಜನ ಇದಾರೆ" ಎಂದು ಗದರಿದೆ. ಅವರು ತೆಪ್ಪಗೆ ಬಂದು ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಕೂತರು. ಹೊರಟು ಸ್ವಲ್ಪ ದೂರವಾದ ಮೇಲೆ "ಕ್ಲಚ್ ಸ್ವಲ್ಪ ಬಿಗಿ ಇದೆ ಅಲ್ವಾ" ಅನ್ನುವ ದನಿ ಕೇಳಿತು. ತಮ್ಮಾ, ನನ್ನ ಕಾಲು ಕ್ಲಚ್ಚಿನಿಂದ ಜಾರಿ ಬಸ್ಸು ಗಕ್ಕನೆ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ನಾಲ್ಕು ವರ್ಷ ನಾನು ಅವರನ್ನು ಕಿಟಕಿಯಲ್ಲಿ ಎದೆಯಿಂದ ಮೇಲೆ ಮಾತ್ರ ನೋಡಿದ್ದೆ. ಅವರು ನನಗಿಂತ ಅರ್ಧ ಅಡಿ ಕುಳ್ಳು ಎಂದು ನನಗೆ ಗೊತ್ತೇ ಇರಲಿಲ್ಲ. ಖಾಕಿ ಬಿಟ್ಟರೆ ಯಾರೋ ದೂರದ ನೆಂಟರ ಹಾಗೆ ಕಾಣುತ್ತಾರೆ. ಚಾಲಕರೊಡನೆ ಮಾತಾಡಬಾರದು ಎಂದು ನನ್ನ ತಲೆಯ ಮೇಲೆ ಬರೆದಿದೆಯಲ್ಲ, ಆಮೇಲೆ ಇಡೀ ಏರು ಒಂದು ಮಾತಾಡಲಿಲ್ಲ. ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ನೆತ್ತಿಯಲ್ಲಿ ನಿಲ್ಲಿಸಿದೆ. ಹದಿನೇಳರ ಹೊಸ ಚಾಲಕರು ಪಕ್ಕಕ್ಕೆ ಬಂದು ರಸ್ತೆ ಸರಿಯಿದೆ ಎಂದರು, ನಾನೂ ಸರಿಯಿದೆ ಎಂದೆ. ಒಂದು ನಿಮಿಷಕ್ಕೆ ಅದು ಮುಗಿಯಿತು. ಉಳಿದ ನಾಲ್ಕರಲ್ಲಿ ಮೂರು ನಿಮಿಷ ಇವರು ಛತ್ರಿಯ ಹಿಡಿಯನ್ನೇ ತಿರುವುತ್ತಾ ಕೂತರು. ಕೊನೆಗೆ ಕೇಳಿದರು.

"ನಿಮ್ಗೆ ಗುರುವಾರ ರಜೆ ತಾನೇ?"

"ಹೌದು. ಯಾಕೆ?"

"ನನಗೀಗ ಎಲ್ಲಾ ದಿನಾನೂ ರಜೆ. ಗುರುವಾರ ನಿಮ್ಮನೆಗೆ ಬರ್ಬಹುದಾ?"

ಇಡೀ ಬಸ್ಸು ಕೇಳಿಸಿಕೊಂಡಿತು. ಕಂಡಕ್ಟರಮ್ಮ ಸೀಟಿ ಊದಲು ಮರೆತು ನಿಂತಿದ್ದರು. ನಾನು "ಬನ್ನಿ" ಅಂದೆ, ಅಂದದ್ದು ನನಗೇ ಕೇಳಿಸಲಿಲ್ಲ, ಅದಕ್ಕೆ ಇನ್ನೊಂದು ಸಲ ಜೋರಾಗಿ ಅಂದೆ.

ರಜೆಯ ದಿನ ಕಾಗದ ಬರೆಯುವವಳು ಬುಧವಾರವೇ ಯಾಕೆ ಬರೆಯುತ್ತಿದ್ದೇನೆ ಎಂದು ಈಗ ತಿಳಿಯಿತೇ? ನಾಳೆ ಪುರುಸೊತ್ತಿಲ್ಲ. ಮನೆಯಲ್ಲಿರುವುದು ಎರಡೇ ಕುರ್ಚಿ. ಒಂದರ ಮೇಲೆ ನೀನು ಕಾಲೇಜಿಗೆ ಹೋದಾಗ ಬಿಟ್ಟುಹೋದ ಪುಸ್ತಕಗಳು ಹನ್ನೊಂದು ವರ್ಷದಿಂದ ಕೂತಿದ್ದವು. ಅವನ್ನೆಲ್ಲ ಮಂಚದ ಕೆಳಗೆ ತಳ್ಳಿ, ಕುರ್ಚಿ ಒರೆಸಿ ಇಟ್ಟಿದ್ದೇನೆ.

ಅಕ್ಕ